ಕೆಂಟಕಿಯ ಬರ್ಬನ್ ಊರುಗಳಲ್ಲಿ ಕುಡಿಯದವನ ಎರಡು ದಿನ

ಬರ್ಬನ್ ಅನ್ನೋ ವಿಸ್ಕಿಗೆ ಹೆಸರಾದ ಅಮೆರಿಕದ ಕೆಂಟಕಿ ರಾಜ್ಯಕ್ಕೆ ಹೊರಟವರಿಗೆ ಮೊದಲೇ ಹೇಳಿಬಿಡುತ್ತೇನೆ: ದಿನಕ್ಕೆ ನಾಲ್ಕು ಡಿಸ್ಟಿಲರಿ (ವಿಸ್ಕಿ ಬಟ್ಟಿ ಇಳಿಸುವ ಕಾರ್ಖಾನೆ) ಅಂತ ಪಟ್ಟಿ ಮಾಡಿಕೊಳ್ಳಬೇಡಿ. ನಾವು ಮಾಡಿಕೊಂಡಿದ್ದೆವು. ಬುಕಿಂಗ್ ಇಲ್ಲದ್ದಕ್ಕೆ ಮೊದಲನೆಯದರ ಬಾಗಿಲಿನಿಂದಲೇ ವಾಪಸ್ಸು ಬಂದೆವು. ದಿನಕ್ಕೆ ಎರಡು ಧಾರಾಳವಾಯಿತು. ಕಾರು ಓಡಿಸುವವರು ಗ್ಲಾಸು ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಸ್ಟೀರಿಂಗ್ ನನ್ನದು, ಗ್ಲಾಸು ಭಾವನದು. ಪಾಸ್‌ಪೋರ್ಟ್ ಜೇಬಲ್ಲಿರಲಿ, 21 ತುಂಬಿದೆ ಅಂತ ತೋರಿಸಬೇಕಾಗುತ್ತದೆ.

ಲೂಯಿವಿಲ್‌ನಲ್ಲಿ ಉಳಿದುಕೊಂಡರೆ ಬಾರ್ಡ್ಸ್‌ಟೌನ್ ಸುಮಾರು 40 ಮೈಲಿ. ಅಲ್ಲಿನ ಆಸ್ಕರ್ ಗೆಟ್ಜ್ ವಿಸ್ಕಿ ಮ್ಯೂಸಿಯಂ ತಪ್ಪಿಸಬೇಡಿ. ಕುಡಿಯದ ನನಗೆ ಇಡೀ ಪ್ರವಾಸದಲ್ಲಿ ಹೆಚ್ಚು ಹಿಡಿಸಿದ್ದು ಅದೇ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತಲ್ಲ, ಆಗಲೂ ಡಾಕ್ಟರ ಚೀಟಿ ತಂದವರಿಗೆ ಹತ್ತು ದಿನಕ್ಕೊಂದು ಪೈಂಟ್ (ಸುಮಾರು ಅರ್ಧ ಲೀಟರ್) ವಿಸ್ಕಿ ಔಷಧದಂಗಡಿಯಲ್ಲೇ ಸಿಗುತ್ತಿತ್ತು. ಆ ಕಾಲದ ಔಷಧಿ ಬಾಟಲಿಗಳು ಇಲ್ಲಿವೆ. "ನಮ್ಮೂರ ಡಾಕ್ಟರು ಕಷಾಯ ಬಿಟ್ಟು ಬೇರೇನೂ ಬರೆಯಲ್ಲ" ಅಂತ ಭಾವ ಗಾಜಿಗೆ ಮೂಗು ಒತ್ತಿಕೊಂಡು ನಿಂತುಬಿಟ್ಟ.

ಅದಕ್ಕೂ ಹಿಂದೆ ಕಲಬೆರಕೆಯ ಕಾಟ: ಅಗ್ಗದ ಸ್ಪಿರಿಟ್ಟಿಗೆ ತಂಬಾಕಿನ ರಸ ಸೇರಿಸಿ ಬಣ್ಣ ಬರಿಸಿ ವಿಸ್ಕಿ ಅಂತ ಮಾರುತ್ತಿದ್ದರಂತೆ. 1897ರ ಕಾಯ್ದೆ ಬಂದದ್ದು ಅದಕ್ಕೇ. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ಬಟ್ಟಿ ಇಳಿಸಿರಬೇಕು, ಸರ್ಕಾರದ ಕಾವಲಿನ ಗೋದಾಮಿನಲ್ಲಿ ಕನಿಷ್ಠ 4 ವರ್ಷ ಇಟ್ಟಿರಬೇಕು, ಬಾಟಲಿಯಲ್ಲಿ 50% ಆಲ್ಕೋಹಾಲ್ ಇರಬೇಕು. ಅಂಗಡಿಯಲ್ಲಿ 'ಬಾಟಲ್ಡ್ ಇನ್ ಬಾಂಡ್' ಅಂತ ಕಂಡರೆ ಇದೇ ಅರ್ಥ.

ಮರುದಿನ ಕೆಂಟಕಿಯದೇ ರಾಜಧಾನಿ ಫ್ರಾಂಕ್‌ಫರ್ಟ್‌ನ ಬಫಲೊ ಟ್ರೇಸ್ ಡಿಸ್ಟಿಲರಿ. ಪಾನನಿಷೇಧದಲ್ಲೂ ಔಷಧಿ ಹೆಸರಲ್ಲಿ ಬಾಗಿಲು ತೆರೆದಿದ್ದ ಜಾಗ. ಹುದುಗುವ ಮೆಕ್ಕೆಜೋಳದ ವಾಸನೆ ಥೇಟ್ ಹುಳಿ ಬಂದ ದೋಸೆಹಿಟ್ಟಿನದು. ಬರ್ಬನ್ ಅನ್ನಿಸಿಕೊಳ್ಳಲು ಕನಿಷ್ಠ 51% ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿಗಳಲ್ಲಿ ಎಷ್ಟೋ ಸ್ಕಾಟ್ಲೆಂಡಿಗೆ ಹೋಗುತ್ತವೆ. ಈ ಭಾಗದಲ್ಲಿ ಗೋದಾಮುಗಳ ಸುತ್ತಲಿನ ಮರಗಳು ಹಳೇ ಅಡುಗೆಮನೆಯ ಜಂತೆಯ ಹಾಗೆ ಕಪ್ಪು. ಬೆಂಕಿ ಬಿದ್ದಿತ್ತೇನೋ ಅಂದುಕೊಂಡಿದ್ದೆ. ಪೀಪಾಯಿಯಿಂದ ಆವಿಯಾಗುವ ಆಲ್ಕೋಹಾಲ್ ಉಂಡು ಬೆಳೆಯುವ ಬೂಷ್ಟಂತೆ.

ಬಾಟಲಿ ತರುವವರು ಚೆಕ್-ಇನ್ ಬ್ಯಾಗಿಗೇ ಹಾಕಿ. ಭಾರತಕ್ಕೆ ಸುಂಕವಿಲ್ಲದೆ ತಲಾ 2 ಲೀಟರ್. ಭಾವ ಎರಡು ಬಾಟಲಿಗೂ ತನ್ನ ಪಂಚೆ ಸುತ್ತಿದ. ಒಡೆಯಲಿಲ್ಲ.