ತಪ್ಪೊಪ್ಪಿ ಶಿಕ್ಷೆ ಕಡಿಮೆ ಮಾಡಿಸಿಕೊಂಡ ಮೇಲೆ ಅಪೀಲ್ ಹಾಕಬಹುದಾ?

ಬರೋದಿಲ್ಲ. ಇಷ್ಟೇ ಉತ್ತರ. ಆದರೆ ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪ್ಲೀ ಬಾರ್ಗೇನಿಂಗ್ ನಮ್ಮಲ್ಲಿ 2006ರಿಂದ ಇದೆ. ತಪ್ಪು ಒಪ್ಪಿಕೊಂಡು, ಸರ್ಕಾರಿ ವಕೀಲರು ಮತ್ತು ನೊಂದವರ ಜೊತೆ ಕೂತು ಮಾತಾಡಿ, ಪರಿಹಾರ ಕೊಟ್ಟು, ಕಡಿಮೆ ಶಿಕ್ಷೆ ಪಡೆಯುವ ದಾರಿ. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಕ್ಕೆ ಇಲ್ಲ, ಹೆಣ್ಣುಮಕ್ಕಳ ಮೇಲಿನ ಅಪರಾಧಕ್ಕೂ ಇಲ್ಲ. ಹೀಗೆ ಬಂದ ತೀರ್ಪೇ ಕೊನೆ ಅಂತ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 265ಜಿ ಕಲಂ ಹೇಳುತ್ತಿತ್ತು, 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 295 ಕೂಡ ಅದನ್ನೇ ಹೇಳುತ್ತದೆ.

ಮುಧೋಳ ಕಡೆ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದೇನೆ, ಎಣ್ಣೆಗಾಯಿ ಈಗಷ್ಟೇ ಬಡಿಸಿದ್ದಾರೆ. ಪಕ್ಕದ ಹಿರಿಯರು ಜೇಬಿನಿಂದ ತೀರ್ಪಿನ ನಕಲು ತೆಗೆದು ನನ್ನ ಎಲೆಯ ಪಕ್ಕ ಹರಡಿದರು. ಅಳಿಯ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ರಾತ್ರಿ ಬೈಕಿನವನೊಬ್ಬ ಹಿಂದಿನ ಟ್ರೇಲರಿಗೆ ಬಡಿದು ಸತ್ತಿದ್ದಾನೆ. ಹಳೇ ದಂಡ ಸಂಹಿತೆಯ 304ಎ, ಅಂದರೆ ನಿರ್ಲಕ್ಷ್ಯದಿಂದ ಸಾವು ತಂದ ಕೇಸು. ಎರಡು ವರ್ಷದವರೆಗೆ ಆಗಬಹುದಾದ ಶಿಕ್ಷೆ ಕಾಲು ಭಾಗಕ್ಕೆ, ಅಂದರೆ ಆರು ತಿಂಗಳಿಗೆ ಇಳಿದಿದೆ. "ವಕೀಲರ, ಸುಮ್ನ ಒಂದ್ ಅಪೀಲ್ ಒಗ್ದ ನೋಡೂಣ್ರಿ, ಹೋದ್ರ ಏನ್ ಹೋಗ್ತೈತಿ?" ಅಂದರು. ಎರಡನೇ ಪುಟದ ಮೇಲೆ, ನ್ಯಾಯಾಧೀಶರ ಸಹಿಯ ಪಕ್ಕದಲ್ಲೇ, ಎಣ್ಣೆಗಾಯಿ ರಸ ಬಿತ್ತು.

ಈ 'ಸುಮ್ನ' ಕೇಳಿದರೆ ನನಗೆ ಮೈ ಉರಿಯುತ್ತದೆ. ಅಪೀಲ್ ಏನು ಲಾಟರಿ ಟಿಕೆಟಾ?

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ಹೈಕೋರ್ಟಿಗೆ ರಿಟ್ ಅರ್ಜಿ, ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ, ಇವೆರಡನ್ನು ಕಾನೂನೇ ಉಳಿಸಿದೆ. ನಮ್ಮ ಬಾಗಲಕೋಟೆ, ಬೆಳಗಾವಿಯವರು ಧಾರವಾಡ ಪೀಠಕ್ಕೆ ಹೋಗಬೇಕು, ವಿಜಯಪುರದವರು ಕಲಬುರಗಿಗೆ. ಆದರೆ ಅಲ್ಲಿ "ಶಿಕ್ಷೆ ಜಾಸ್ತಿ ಆಯ್ತು ಸ್ವಾಮಿ" ಅಂದರೆ ನಡೆಯೋದಿಲ್ಲ. ಒಪ್ಪಿಗೆ ಸ್ವಂತದ್ದಲ್ಲ, ಹೆದರಿಸಿ ಪಡೆದಿದ್ದು ಅಂತ ತೋರಿಸಬೇಕು. ಅಥವಾ ಆ ಅಪರಾಧಕ್ಕೆ ಈ ದಾರಿಯೇ ಇರಲಿಲ್ಲ ಅಂತಲೋ, ಎದುರು ಪಾರ್ಟಿಯನ್ನು ಹೊರಗಿಟ್ಟು ನ್ಯಾಯಾಧೀಶರು ಆರೋಪಿಯನ್ನು ಖಾಸಗಿಯಾಗಿ ವಿಚಾರಿಸಲೇ ಇಲ್ಲ ಅಂತಲೋ. ಮಾತು ಕೊಟ್ಟು ಒಪ್ಪಿಸಿ ಆಮೇಲೆ ಮೋಸ ಮಾಡೋದನ್ನು ಸುಪ್ರೀಂ ಕೋರ್ಟ್ ಸಹಿಸಿಲ್ಲ. ಈ ಕಾನೂನು ಬರುವ ಎಷ್ಟೋ ಮೊದಲೇ, ನಮ್ಮ ಕರ್ನಾಟಕದ್ದೇ ತಿಪ್ಪಸ್ವಾಮಿ ಪ್ರಕರಣದಲ್ಲಿ, ಕಡಿಮೆ ಶಿಕ್ಷೆಯ ಭರವಸೆ ಕೊಟ್ಟು ತಪ್ಪೊಪ್ಪಿಸಿ ಮೇಲಿನ ಕೋರ್ಟಿನಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಅಂದಿತು. ಆ ಅಳಿಯನ ಕಾಗದದಲ್ಲಿ ಇಂಥದ್ದೇನೂ ಇರಲಿಲ್ಲ. ಎಲ್ಲ ಸರಿಯಾಗಿತ್ತು, ಅದೇ ತೊಂದರೆ.

ಸಹಿ ಹಾಕುವ ಮೊದಲು ಬಂದು "ಇದರಿಂದ ನಾನು ಬಿಡುಗಡೆ ಆಗ್ತೀನಾ, ಅಪರಾಧಿ ಆಗ್ತೀನಾ" ಅಂತ ಒಬ್ಬರಾದರೂ ಕೇಳಬಾರದಾ? ಲೋಕ ಅದಾಲತ್‌ನಲ್ಲಿ ಚಿಕ್ಕ ಹೊಡೆದಾಟದ ಕೇಸು ರಾಜಿಯಾದರೆ ಖುಲಾಸೆ. ಇಲ್ಲಿ ಖುಲಾಸೆ ಅಲ್ಲ, ಅಪರಾಧಿ ಅಂತಲೇ ತೀರ್ಪು. ಅದಕ್ಕೇ ಮೊದಲು ಕೇಳಬೇಕಾದ್ದು ಪ್ರೊಬೇಷನ್, ಅಂದರೆ ಜೈಲಿಗೆ ಕಳಿಸದೆ ಒಳ್ಳೇ ನಡತೆಯ ಮೇಲೆ ಬಿಡೋದು. ಒಪ್ಪಂದದಲ್ಲೂ ಕೋರ್ಟ್ ಅದನ್ನು ಕೊಡಬಹುದು. ಪ್ರೊಬೇಷನ್ ಕಾಯ್ದೆಯಡಿ ಬಿಟ್ಟರೆ, ಅಪರಾಧಿ ಅನ್ನುವ ಕಾರಣಕ್ಕೆ ಅಂಟುವ ಅನರ್ಹತೆ ಅದರ 12ನೇ ಕಲಂ ಪ್ರಕಾರ ತಟ್ಟುವುದಿಲ್ಲ. ಹೊಸ ಸಂಹಿತೆಯಲ್ಲಿ ಮೊದಲ ಸಲದವರಿಗೆ ಕಾಲು ಭಾಗದ ಬದಲು ಆರನೇ ಒಂದು ಭಾಗಕ್ಕೂ ಇಳಿಸಬಹುದು. ಕನಿಷ್ಠ ಶಿಕ್ಷೆ ಇರುವ ಅಪರಾಧಗಳ ಲೆಕ್ಕ ಬೇರೆ.

ಆದರೆ ಹೊಸ ಸಂಹಿತೆಯಲ್ಲಿ ಅರ್ಜಿಗೆ ಗಡುವಿದೆ, ಕೋರ್ಟ್ ಆರೋಪ ಹೊರಿಸಿದ ದಿನದಿಂದ 30 ದಿನ. ಅಷ್ಟರೊಳಗೆ ಚಾರ್ಜ್‌ಶೀಟ್ ಹಿಡಿದು ಆಫೀಸಿಗೆ ಬನ್ನಿ. ಆಗ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ, ಚಹಾನೂ ನನ್ನದೇ.