ಒತ್ತಕ್ಷರಕ್ಕೆ ಜಾಗ ಬಿಡಿ

ನಮ್ಮ ಕಾಲೇಜಿನ ಗ್ರಾಫಿಕ್ ಕಮ್ಯುನಿಕೇಷನ್ ವಿಭಾಗದಲ್ಲಿ ಮೊದಲ ವರ್ಷ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ. ಈಗ ಓದುತ್ತಿರುವವರಿಗೆ ಇದು ವಿಚಿತ್ರ ಅನಿಸಬಹುದು. ನಮಗೂ ಹಾಗೇ ಅನಿಸಿತ್ತು. 'ಮಗಳು ಬಾಗಲಕೋಟಿಗೆ ಕಂಪ್ಯೂಟರ್ ಡಿಸೈನ್ ಕಲ್ಯಾಕ ಹೋಗ್ಯಾಳ' ಎಂದು ಅಪ್ಪ ಗುಳೇದಗುಡ್ಡದ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ನೋಡಿದರೆ ನನ್ನ ಕೈಯಲ್ಲಿ ಚಪ್ಪಟೆ ಬ್ರಷ್, ಪೋಸ್ಟರ್ ಕಲರ್, ಡ್ರಾಯಿಂಗ್ ಶೀಟ್. ಕೆಲಸ ಒಂದೇ, ಕನ್ನಡ ಅಕ್ಷರ ಬರೆಯುವುದು. ಡಿಗ್ರಿಗೆ ಬಂದು ಮತ್ತೆ ಕಾಗುಣಿತ!

ಇವತ್ತು ಪುಸ್ತಕದ ಪುಟ ಕಟ್ಟುವುದೇ ನನ್ನ ಹೊಟ್ಟೆಪಾಡು. ಆ ಕಾಗುಣಿತವೇ ನನಗೆ ಅನ್ನ ಹಾಕುತ್ತಿದೆ. ಅದಕ್ಕೇ ಈ ನೆನಪಿನಲ್ಲಿ ಅಕ್ಷರದ ಮಾತೇ ಜಾಸ್ತಿ.

ಅಕ್ಷರ ಕಲಿಸಿದ ಸರ್ ಬೋರ್ಡಿನ ಮೇಲೆ ಮೊದಲು ಬರೆದ ಪದ 'ವಸ್ತ್ರ'. ಬಟ್ಟೆ ಅಂಗಡಿಗೆ ಬೋರ್ಡ್ ಬೇಕು, ತಗಡಿನ ಎತ್ತರ ಎರಡು ಅಡಿ, ಹೇಗೆ ಬರೆಯುತ್ತೀರಿ ಎಂದು ಕೇಳಿದರು. ಬರೆಯಲು ಕೂತಾಗಲೇ ತೊಡಕು ಗೊತ್ತಾದದ್ದು. 'ವ' ಒಂದೇ ಅಂತಸ್ತಿನ ಅಕ್ಷರ. 'ಸ್ತ್ರ' ಹಾಗಲ್ಲ. ಸ ಇದೆ, ಅದರ ಕೆಳಗೆ ತ ಒತ್ತು, ಅದರ ಪಕ್ಕ ರ ಒತ್ತು. ವ ಅಕ್ಷರವನ್ನು ತಗಡಿನ ತುಂಬ ಬರೆದರೆ ಒತ್ತಿಗೆ ಜಾಗವೇ ಇಲ್ಲ. ಒತ್ತಿಗೆಂದು ಕೆಳಗೆ ಜಾಗ ಬಿಟ್ಟರೆ ವ ಮೇಲೆಲ್ಲೋ ನೇತಾಡುತ್ತದೆ. ಒತ್ತನ್ನು ಚಿಕ್ಕದು ಮಾಡಿದರಾಯಿತು ಅಂದುಕೊಂಡೆವು. ಆಗ ಇನ್ನೊಂದು ತೊಂದರೆ. ಅಕ್ಷರವನ್ನು ಹಾಗೇ ಕುಗ್ಗಿಸಿದರೆ ಅದರ ಗೆರೆಯೂ ತೆಳ್ಳಗಾಗುತ್ತದೆ. ಮೇಲಿನ ಸ ದಪ್ಪ, ಕೆಳಗಿನ ಒತ್ತು ಬಡಕಲು. ಅಂದರೆ ಒತ್ತನ್ನು ಬೇರೆಯಾಗಿಯೇ ಬರೆಯಬೇಕು. ಅಳತೆ ಚಿಕ್ಕದಿರಬೇಕು, ಗೆರೆಯ ದಪ್ಪ ಮಾತ್ರ ಮೇಲಿನ ಅಕ್ಷರಕ್ಕೆ ಹೊಂದಬೇಕು.

ಈ ಒಂದು ಪದ ಬರೆಯುತ್ತ ವಾರಗಳೇ ಹೋದವು. ಬೇಸರ ಆಗಲಿಲ್ಲ. ಪ್ರತಿ ಸಲ ಬೇರೆ ದಾರಿ ಕಾಣುತ್ತಿತ್ತು.

ನಮ್ಮ ಪಠ್ಯಪುಸ್ತಕಗಳೆಲ್ಲ ಇಂಗ್ಲಿಷಿನವು. ಸೆರಿಫ್, ಎಕ್ಸ್-ಹೈಟ್, ಬೇಸ್‌ಲೈನ್ ಎಲ್ಲ ಅದರಲ್ಲಿತ್ತು. ತಲೆಕಟ್ಟು, ಗುಡಿಸು, ಕೊಂಬು, ಏತ್ವ, ವಟ್ರಸುಳಿ, ಅರ್ಕಾವೊತ್ತು ಯಾವುದೂ ಇರಲಿಲ್ಲ. ಪುಟವಿನ್ಯಾಸದ ಸಾಫ್ಟ್‌ವೇರ್ ಸಾಲುಗಳ ನಡುವಿನ ಅಂತರವನ್ನು ತಾನಾಗಿಯೇ ಅಕ್ಷರದ ಅಳತೆಯ ಶೇಕಡಾ 120 ಇಡುತ್ತದೆ. ಅಂದರೆ 12 ಪಾಯಿಂಟ್ (ಅಚ್ಚಿನವರ ಅಳತೆ) ಅಕ್ಷರಕ್ಕೆ 14.4 ಪಾಯಿಂಟ್ ಸಾಲು. ಇಂಗ್ಲಿಷಿಗೆ ಇದು ಸರಿ. ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಇಳಿದು ಬಂದು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದುವವರಿಗೆ ಕಾರಣ ಗೊತ್ತಾಗುವುದಿಲ್ಲ, ಸುಮ್ನೆ ಕಣ್ಣು ದಣಿಯುತ್ತದೆ, ಪುಸ್ತಕ ಮುಚ್ಚಿಡುತ್ತಾರೆ. ಸರ್ ಒಂದೇ ಪ್ಯಾರಾವನ್ನು 14, 16, 18, 20 ಪಾಯಿಂಟ್ ಸಾಲಿನಲ್ಲಿ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದರು. ಹೋಗಿಬರುವವರನ್ನೆಲ್ಲ ನಿಲ್ಲಿಸಿ ಓದಿಸಿದೆವು. ಆಫೀಸಿನ ಸಿಪಾಯಿ ಕಾಕಾ ಕನ್ನಡಕ ಏರಿಸಿಕೊಂಡು ನೋಡಿ, 18ರ ಹಾಳೆಯ ಮೇಲೆ ಬೆರಳಿಟ್ಟು 'ಇದು ಛಲೋ ಐತಿ ನೋಡ್ರಿ, ಸಾಲು ತಪ್ಪಂಗಿಲ್ಲ' ಅಂದರು. ಬಳಸುವವರನ್ನೇ ಕೇಳಬೇಕು ಎಂಬುದನ್ನು ನಾವು ಪುಸ್ತಕದಲ್ಲಿ ಓದುವ ಮೊದಲೇ ಗೋಡೆ ಮುಂದೆ ನಿಂತು ಕಲಿತಿದ್ದೆವು.

ಬಾದಾಮಿಗೆ ಹೋದದ್ದನ್ನು ಹೇಳಲೇಬೇಕು. ಬಾಗಲಕೋಟೆಯಲ್ಲಿ ಓದುವವರಿಗೆ ಇರುವ ಭಾಗ್ಯ ಅದು. ರೈಲು ಹತ್ತಿದರೆ ಬಾದಾಮಿ ಸ್ಟೇಷನ್, ಅಲ್ಲಿಂದ ಟಂಟಂ ಹಿಡಿದರೆ ಊರು. ಸಾವಿರದ ಮುನ್ನೂರು ವರ್ಷದ ಹಿಂದಿನ ಅಕ್ಷರ ನಮ್ಮ ಕಣ್ಣೆದುರಿಗೇ. ಬೇರೆ ಊರಿನ ವಿದ್ಯಾರ್ಥಿಗಳು ಇದನ್ನು ಫೋಟೊದಲ್ಲಿ ನೋಡುತ್ತಾರೆ, ಅಲ್ವಾ?

ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ ಶಾಸನವಿದೆ. ಗುಹೆಯ ಕಾಲ 578. ಕಪ್ಪೆ ಅರಭಟ್ಟನ ಶಾಸನ ಇರುವುದು ಕೆರೆಯ ಆಚೆ, ತಟ್ಟುಕೋಟೆಯ ಕಡೆಯ ಬಂಡೆಯ ಮೇಲೆ. ಅದು ಸುಮಾರು 700ರ ಹೊತ್ತಿನದು. ಕನ್ನಡದ ತ್ರಿಪದಿ ನಮಗೆ ಸಿಗುವ ಅತಿ ಹಳೆಯ ರೂಪ ಅದರಲ್ಲಿದೆ. ಸರ್ ನಮ್ಮನ್ನು ಬೆಳ್ಳಂಬೆಳಿಗ್ಗೆ ಹೊರಡಿಸಿದ್ದರು. ಏಕೆ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಯ ಒಂದು ಅಂಚು ಹೊಳೆಯುತ್ತದೆ, ಇನ್ನೊಂದು ಅಂಚಿನಲ್ಲಿ ನೆರಳು ನಿಲ್ಲುತ್ತದೆ. ಆಗ ಅಕ್ಷರ ಬಂಡೆಯಿಂದ ಎದ್ದು ಬಂದ ಹಾಗೆ ಕಾಣುತ್ತದೆ. ಹೊತ್ತೇರಿ ಬಿಸಿಲು ನೆತ್ತಿಗೆ ಬಂದರೆ ಅದೇ ಅಕ್ಷರ ಕಲ್ಲಿನಲ್ಲಿ ಕರಗಿಹೋಗುತ್ತದೆ.

ಕಾಗದ ಒತ್ತಿ ಪಡಿಯಚ್ಚು ತೆಗೆಯುವಂತಿಲ್ಲ, ಮುಟ್ಟುವಂತಿಲ್ಲ. ನೋಡಿಕೊಂಡೇ ಬರೆಯಬೇಕು. ಅದರಿಂದ ಒಳ್ಳೆಯದೇ ಆಯಿತು, ಕಣ್ಣು ಪಳಗಿತು. ಆ ಕಾಲದಲ್ಲಿ ಕನ್ನಡಕ್ಕೂ ತೆಲುಗಿಗೂ ಒಂದೇ ಲಿಪಿ. ತಲೆಕಟ್ಟು ಈಗಿನಷ್ಟು ಬೆಳೆದಿಲ್ಲ, ಅಕ್ಷರದ ನೆತ್ತಿಯ ಮೇಲೆ ಒಂದು ಚಿಕ್ಕ ಗೆರೆ ಅಷ್ಟೇ. ಪದಗಳ ನಡುವೆ ಜಾಗ ಬಿಟ್ಟಿಲ್ಲ. ಆದರೆ ಸಾಲುಗಳ ನಡುವೆ ಬಿಟ್ಟಿದ್ದಾರೆ! ಒತ್ತು ಇಳಿಯಲು ಎಷ್ಟು ಬೇಕೋ ಅಷ್ಟು. ನಮ್ಮ ಕಾಲೇಜಿನ ಗೋಡೆಯ ಮೇಲೆ ನಾಲ್ಕು ಹಾಳೆ ಅಂಟಿಸಿ ನಾವು ಹುಡುಕಿದ್ದನ್ನು ಉಳಿ ಹಿಡಿದವರು ಯಾವಾಗಲೋ ಕಂಡುಕೊಂಡಿದ್ದರು. ಮುಂದೆ ಐಹೊಳೆಯ ಮೇಗುತಿ ಗುಡಿಗೂ ಹೋದೆವು. ಕವಿ ರವಿಕೀರ್ತಿಯ 634ರ ಶಾಸನದ ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಅದರ ಸಾಲುಗಳ ಅಚ್ಚುಕಟ್ಟು ನೋಡಿದ ಮೇಲೆ 'ಕನ್ನಡ ಅಕ್ಷರ ಡಿಸೈನಿಗೆ ಒಗ್ಗಲ್ಲ' ಎಂದು ಯಾರಾದರೂ ಅಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಎರಡನೇ ವರ್ಷ ಪ್ರೆಸ್ಸಿನ ಕೆಲಸ. ಹಳೇ ಊರಿನ ಒಂದು ಮುದ್ರಣಾಲಯಕ್ಕೆ ನಮ್ಮನ್ನು ಬ್ಯಾಚ್ ಮಾಡಿ ಕಳಿಸುತ್ತಿದ್ದರು. ಅಲ್ಲಿ ಆಫ್‌ಸೆಟ್ ಮಷಿನ್ ಬಂದಿದ್ದರೂ ಮೂಲೆಯಲ್ಲಿ ಒಂದು ಟ್ರೆಡಲ್, ಕಾಲಿನಿಂದ ತುಳಿದು ನಡೆಸುವ ಹಳೇ ಅಚ್ಚಿನ ಮಷಿನ್, ಉಳಿದಿತ್ತು. ಮೊಳೆ, ಅಂದರೆ ಸೀಸದ ಬಿಡಿ ಅಕ್ಷರ, ತುಂಬಿದ ಕೇಸುಗಳೂ ಇದ್ದವು. ಕನ್ನಡದ ಕೇಸಿನಲ್ಲಿ ಖಾನೆಗಳು ಎಷ್ಟೊಂದು! ಗುಡಿಸಿನ ಅಕ್ಷರಕ್ಕೆ ಬೇರೆ ಮೊಳೆ, ಒತ್ತಿಗೆ ಬೇರೆ ಮೊಳೆ. ಮೊಳೆ ಜೋಡಿಸುವ ಅಣ್ಣ ಖಾನೆಯತ್ತ ನೋಡದೆಯೇ ಕೈ ಹಾಕುತ್ತಿದ್ದ. ಮೊಳೆ ಜೋಡಿಸುವ ಪಟ್ಟಿಯಾದ ಸ್ಟಿಕ್ಕಿನಲ್ಲಿ ಅಕ್ಷರಗಳೆಲ್ಲ ಉಲ್ಟಾ. ಅವನು ಅದನ್ನು ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಿದ್ದ.

ಅಲ್ಲಿ ಕಲಿತ ಇನ್ನೊಂದು ಸಂಗತಿ ಫಾರಂ. ಒಂದು ದೊಡ್ಡ ಹಾಳೆ, ಎರಡೂ ಬದಿ ಅಚ್ಚು, ಮೂರು ಮಡಿಕೆ, 16 ಪುಟ. ಮಡಚಿ, ಪುಟದ ಸಂಖ್ಯೆ ಬರೆದು, ಮತ್ತೆ ಬಿಚ್ಚಿ ನೋಡಿದರೆ ಒಂದು ಬದಿಯಲ್ಲಿ 1ರ ಪಕ್ಕ 16, ಜೊತೆಗೆ 4, 5, 8, 9, 12, 13. ಕೆಲವು ಸಂಖ್ಯೆಗಳು ತಲೆಕೆಳಗು. ಮೊದಲ ಸಲ ನೋಡಿದಾಗ ಮ್ಯಾಜಿಕ್ ಅನಿಸಿತು. ಈಗಲೂ ಹೊಸ ಪುಸ್ತಕ ಶುರು ಮಾಡುವಾಗ ಒಂದು ಹಾಳೆ ಮಡಚಿಕೊಂಡೇ ಕೂರುತ್ತೇನೆ.

ಬಣ್ಣದ ಪಾಠ ಆದದ್ದು ಲಗ್ನಪತ್ರಿಕೆಯ ಮೇಲೆ. ಪ್ರೆಸ್ಸಿನವರು ಕೈಗೆ ಒಂದು ಭೂತಗನ್ನಡಿ ಕೊಟ್ಟರು. ಕಣ್ಣಿಗೆ ಕೆಂಪಗೆ ಕಂಡದ್ದು ಕನ್ನಡಿಯಲ್ಲಿ ಬರೀ ಚುಕ್ಕಿ. ಅಚ್ಚಿಗೆ ನಾಲ್ಕೇ ಶಾಯಿ. ಸಯಾನ್ ಎಂಬ ತಿಳಿನೀಲಿ ಚುಕ್ಕಿಯ ಸಾಲು 15 ಡಿಗ್ರಿ ಓರೆ, ಮೆಜೆಂಟಾ 75, ಹಳದಿ 0, ಕಪ್ಪು 45. ಓರೆ ಹೀಗೆ ಬೇರೆ ಬೇರೆ ಇದ್ದರೇ ಚುಕ್ಕಿಗಳು ಒಂದರ ಮೇಲೊಂದು ಬಿದ್ದು ಅಲೆಯಲೆ ಪಟ್ಟೆ ಮೂಡುವುದಿಲ್ಲ. ಕಡುಗೆಂಪು ಹಿನ್ನೆಲೆಯಲ್ಲಿ ಸಣ್ಣ ಬಿಳಿ ಅಕ್ಷರ ಬಿಡಿಸಿದರೆ ಏನಾಗುತ್ತದೆ ಎಂದು ಅಲ್ಲೇ ತೋರಿಸಿದರು. ಬಣ್ಣಕ್ಕೊಂದರಂತೆ ಇರುವ ನಾಲ್ಕು ಪ್ಲೇಟಿನಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಸಾಕು, ಮೊದಲು ಮುಚ್ಚಿಹೋಗುವುದು ಒತ್ತಕ್ಷರದ ಹೊಟ್ಟೆ. ಮದುಮಗಳ ಹೆಸರೇ ಓದಲು ಬರುವುದಿಲ್ಲ. ಜನ ಆ ಪತ್ರಿಕೆಯನ್ನು ದೇವರ ಮುಂದಿಟ್ಟು ಪೂಜೆ ಮಾಡುತ್ತಾರೆ. ಹೆಸರು ಸ್ಪಷ್ಟ ಇರಲೇಬೇಕು.

ನನಗೆ ತುಂಬ ಹಿಡಿಸಿದ ಪ್ರಾಜೆಕ್ಟ್ ನವನಗರದ ದಾರಿಫಲಕಗಳದ್ದು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಒಂದಷ್ಟು ಭಾಗ ಮುಳುಗಿತು, ಜನರಿಗಾಗಿ ನವನಗರ ಕಟ್ಟಿದರು ಎಂಬುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಹಳೇ ಊರಿನಲ್ಲಿ ಓಣಿ, ಗುಡಿ, ಬಾವಿಯ ಗುರುತು ಹಿಡಿದು ಬದುಕಿದವರಿಗೆ ಇಲ್ಲಿ ಸಿಕ್ಕದ್ದು ಸೆಕ್ಟರ್ ನಂಬರು. ರಸ್ತೆ ಅಗಲ, ಮನೆಗಳು ಸಾಲಾಗಿ. ಒಂದು ಸೆಕ್ಟರ್ ಇನ್ನೊಂದರ ಹಾಗೇ. ನಾವು ಮನೆ ಮನೆಗೆ ಹೋಗಿ ದಾರಿ ಹೇಗೆ ನೆನಪಿಟ್ಟುಕೊಳ್ಳುತ್ತೀರಿ ಎಂದು ಕೇಳಿದೆವು. ಒಬ್ಬ ಅಜ್ಜಿ, 'ನಂಬರ್ ನಮಗ ತಿಳ್ಯಾಂಗಿಲ್ಲವಾ. ಬೇವಿನಗಿಡ ಬಂತಂದ್ರ ಹೊಳ್ಳೂದು, ನೀರಿನ ಟಾಕಿ ಬಂತಂದ್ರ ನಿಂದ್ರೂದು' ಅಂದಳು. ನಮ್ಮ ನಕ್ಷೆ ಅಲ್ಲಿಂದ ಬದಲಾಯಿತು. ನಂಬರ್ ದೊಡ್ಡದಾಗಿ ಇರಲಿ, ಜೊತೆಗೆ ಪ್ರತಿ ಸೆಕ್ಟರಿಗೆ ಒಂದು ಬಣ್ಣ, ಅಲ್ಲೇ ಕಾಣುವ ಗುರುತಿನ ಒಂದು ಚಿತ್ರ ಎಂದು ಮಾಡಿದೆವು. ಕಾಲೇಜಿನ ಪ್ರದರ್ಶನದಲ್ಲಿ ಇಟ್ಟಾಗ ಅಜ್ಜಿಯನ್ನೂ ಕರೆದಿದ್ದೆವು. ಅವಳು ತನ್ನ ಬೇವಿನಗಿಡವನ್ನು ತಾನೇ ಹುಡುಕಿ ತೋರಿಸಿದಳು. ಮಾರ್ಕ್ಸ್ ಎಷ್ಟು ಬಂತೋ ಮರೆತಿದ್ದೇನೆ.

ನಮ್ಮೂರಿನ ಕುಪ್ಪಸದ ಬಟ್ಟೆ ಖಣದ ಬಗ್ಗೆ ಎರಡೇ ಮಾತು. ಮನೆಯಲ್ಲಿ ಮಗ್ಗದ ಸದ್ದು ಕೇಳಿಯೇ ಬೆಳೆದವಳು ನಾನು. ಪ್ಯಾಟರ್ನ್ ಕ್ಲಾಸಿಗೆ ತೇರು, ಆನೆಹೆಜ್ಜೆಯ ಖಣಗಳನ್ನು ಒಯ್ದಿದ್ದೆ. ಒಂದೇ ಚಿತ್ರ ಬೇಸರವಿಲ್ಲದೆ ಮತ್ತೆ ಮತ್ತೆ ಬರುವುದು ಹೇಗೆ ಎಂದು ಸರ್ ಇಡೀ ಪಿರಿಯಡ್ ಅದನ್ನೇ ಹಿಡಿದು ಪಾಠ ಮಾಡಿದರು. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಅವರ ದನಿ ಇನ್ನೂ ಕಿವಿಯಲ್ಲಿದೆ.

ಕಂಪ್ಯೂಟರ್ ಕೈಗೆ ಬಂದಾಗ ಪೇಜ್‌ಮೇಕರ್, ಕೋರೆಲ್‌ಡ್ರಾ, ಕನ್ನಡ ಟೈಪಿಗೆ ನುಡಿ, ಬರಹ. ಆಗಿನ ನುಡಿ ಫಾಂಟಿನಲ್ಲಿ ಒತ್ತುಗಳು ಬಿಡಿ ಬಿಡಿ ತುಂಡುಗಳು, ಹೆಚ್ಚುಕಮ್ಮಿ ಸೀಸದ ಮೊಳೆಯಂತೆಯೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಸಂಕೇತ ಯೂನಿಕೋಡ್ ಬಂದ ಮೇಲೆ ಅಕ್ಷರಗಳು ಉಚ್ಚಾರದ ಕ್ರಮದಲ್ಲಿ ಉಳಿಯುತ್ತವೆ, ಅರ್ಕಾವೊತ್ತನ್ನು ಎಲ್ಲಿ ಕೂರಿಸಬೇಕೆಂದು ಫಾಂಟ್ ನೋಡಿಕೊಳ್ಳುತ್ತದೆ. ದೊಡ್ಡ ಅನುಕೂಲ. ಆದರೆ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಹಾಕದೆ ಬಿಟ್ಟರೆ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇವತ್ತಿಗೂ ಎಷ್ಟೋ ಬ್ಯಾನರುಗಳಲ್ಲಿ ನಮ್ಮ ನಾಡಿನ ಹೆಸರೇ ಹಾಗೆ ಒಡೆದು ನೇತಾಡುತ್ತಿರುತ್ತದೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈಗ ವಿಭಾಗದಲ್ಲಿ ಓದುತ್ತಿರುವವರಲ್ಲಿ ಒಂದು ಕೇಳಿಕೆ. ಹಳೇ ಊರಿನಲ್ಲಿ, ಗುಳೇದಗುಡ್ಡ, ಇಳಕಲ್, ಬಾದಾಮಿಯ ಪೇಟೆಗಳಲ್ಲಿ ಪೇಂಟರ್ ಕೈಯಿಂದ ಬರೆದ ಬೋರ್ಡುಗಳು ಇನ್ನೂ ಅಲ್ಲಲ್ಲಿ ಇವೆ. ಫ್ಲೆಕ್ಸ್ ಬಂದ ಹಾಗೆಲ್ಲ ಒಂದೊಂದೇ ಇಳಿಯುತ್ತಿವೆ. 'ವಸ್ತ್ರ'ದ ಲೆಕ್ಕವನ್ನು ಆ ಪೇಂಟರುಗಳು ಎಷ್ಟು ಬಗೆಯಲ್ಲಿ ಬಿಡಿಸಿದ್ದಾರೆ ನೋಡಿ. ಅವುಗಳ ಫೋಟೊ ತೆಗೆದಿಡಿ. ಬೋರ್ಡಿಗೆ ನೇರವಾಗಿ ನಿಂತು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ತೆಗೆಯಿರಿ. ಊರು, ಅಂಗಡಿ, ಬರೆದವರ ಹೆಸರು ಕೇಳಿ ಬರೆದುಕೊಳ್ಳಿ. ನಾನು ತೆಗೆದವೂ ಒಂದಷ್ಟಿವೆ, ವಿಭಾಗಕ್ಕೆ ಕಳಿಸಿಕೊಡುತ್ತೇನೆ. ದೀಪಾವಳಿ ರಜೆಗೆ ಊರಿಗೆ ಬಂದಾಗ ನಿಮ್ಮ ಜೊತೆ ಬೀದಿ ಸುತ್ತಲು ನಾನೂ ಸಿದ್ಧ.