ನಂಜಮ್ಮನಿಗಾಗಿ ಅತ್ತವರು

2025ರ ಸೆಪ್ಟೆಂಬರ್ 24ರ ಮಧ್ಯಾಹ್ನ ಎಸ್.ಎಲ್. ಭೈರಪ್ಪನವರು ತೀರಿಕೊಂಡ ಸುದ್ದಿ ಬಂತು. ದಸರಾ ರಜೆಗೆ ನಮ್ಮಲ್ಲಿಗೆ ಬಂದಿದ್ದ ಅಣ್ಣನ ಮಗಳು ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು ಇನ್‌ಸ್ಟಾಗ್ರಾಂಗೆ ಒಂದು ವಿಡಿಯೊ ಹಾಕಿದಳು. ಭೈರಪ್ಪನವರ ಕಾದಂಬರಿ ‘ಗೃಹಭಂಗ’ದ ಬಗ್ಗೆ ನಾಲ್ಕು ಮಾತು ಹೇಳಲು ಹೊರಟವಳಿಗೆ ಅದರ ನಾಯಕಿ ನಂಜಮ್ಮನ ಹೆಸರು ಬರುತ್ತಲೇ ಗಂಟಲು ಕಟ್ಟಿತ್ತು. ಆ ಭಾಗವನ್ನು ತೆಗೆಯದೆ ಹಾಗೆಯೇ ಬಿಟ್ಟಿದ್ದಳು.

ಪುಸ್ತಕ ಓದಿ ಕ್ಯಾಮೆರಾದ ಮುಂದೆ ಅಳುವ ಈ ರೂಢಿ ಹೊರದೇಶಗಳಲ್ಲಿ ಟಿಕ್‌ಟಾಕ್‌ನಿಂದ ಹಬ್ಬಿತು. 2020ರಲ್ಲಿ ಆ ಆ್ಯಪ್ ನಿಷೇಧವಾದ ನಮ್ಮಲ್ಲಿ ಅದು ಇನ್‌ಸ್ಟಾಗ್ರಾಂ ಸೇರಿಕೊಂಡಿದೆ. ಹಿರಿಯರೊಬ್ಬರು ವಿಡಿಯೊದ ಕೆಳಗೆ, ‘ಅಳುವುದು ಓದಲ್ಲ, ಮೊದಲು ಓದುವುದನ್ನು ಕಲಿಯಿರಿ’ ಎಂದು ಬರೆದರು. ನನಗೆ ಸಿಟ್ಟು ಬಂತು. ಅವಳು ಅತ್ತದ್ದು ಯಾವ ಮಾತಿಗೆ ಎಂಬುದನ್ನೇ ಅವರು ಕೇಳಿಸಿಕೊಂಡಿರಲಿಲ್ಲ.

ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ ಪ್ಲೇಗಿಗೆ ಬಲಿಯಾಗುವ ಪುಟಗಳಲ್ಲಿ ಯಾರ ಕಣ್ಣೂ ತುಂಬುತ್ತದೆ. ಇವಳು ಹೇಳುತ್ತಿದ್ದದ್ದು ಶ್ಯಾನುಭೋಗಿಕೆಯ ಲೆಕ್ಕದ ಬಗ್ಗೆ. ಲೆಕ್ಕ ಬರೆಯುವವಳು ನಂಜಮ್ಮ, ಶ್ಯಾನುಭೋಗನೆಂಬ ಹೆಸರು ಗಂಡ ಚೆನ್ನಿಗರಾಯನದು. ಬಂದ ಹಣವನ್ನು ಅವನು ಹೋಟೆಲಿನಲ್ಲಿ ತಿಂದು ಮುಗಿಸುತ್ತಾನೆ; ಅವಳು ಮುತ್ತುಗದ ಎಲೆ ಹಚ್ಚಿ ಮಕ್ಕಳ ಹೊಟ್ಟೆ ನೋಡಿಕೊಳ್ಳುತ್ತಾಳೆ. ‘ಅಷ್ಟು ಲೆಕ್ಕದ ಪುಸ್ತಕಗಳ ತುಂಬ ಅವಳ ಅಕ್ಷರವೇ. ಅವಳ ಹೆಸರು ಮಾತ್ರ ಎಲ್ಲೂ ಇಲ್ಲ’ ಎನ್ನುವಾಗ ಅವಳ ದನಿ ಒಡೆದಿತ್ತು. 1970ರಲ್ಲಿ ಬಂದ ಕಾದಂಬರಿಯ ನಡುವಿನಿಂದ ಈ ಒಂದು ಎಳೆಯನ್ನು ಹಿಡಿದು ತೆಗೆಯಲು ಎಷ್ಟು ಗಮನವಿಟ್ಟು ಓದಿರಬೇಕು! ಆ ಅಳುವಿನಲ್ಲಿ ವಿಮರ್ಶೆಯೂ ಇತ್ತು ಎಂದೇ ನಾನು ನಂಬಿದ್ದೇನೆ.

ರಾತ್ರಿಯವರೆಗೂ ಪ್ರತಿಕ್ರಿಯೆಗಳು ಬರುತ್ತಲೇ ಇದ್ದವು. ಬಹುಪಾಲು ಕಾಲೇಜು ಹುಡುಗ ಹುಡುಗಿಯರದೇ. ಒಬ್ಬಳು ತನ್ನ ಮುತ್ತಜ್ಜಿಯೂ ಎಲೆ ಹಚ್ಚಿಯೇ ಮನೆ ನಡೆಸಿದ್ದನ್ನು ಬರೆದಳು. ಇನ್ನೊಬ್ಬನು ನಂಜಮ್ಮನ ಮಕ್ಕಳಲ್ಲಿ ವಿಶ್ವನೊಬ್ಬನೇ ಉಳಿದುಕೊಳ್ಳುವುದನ್ನು ಓದಿ ಆ ರಾತ್ರಿ ಊಟ ಸೇರಲಿಲ್ಲ ಎಂದ. ಒಂಟಿಯಾಗಿ ಓದಿ, ಒಂಟಿಯಾಗಿ ಅತ್ತು ಮರೆತುಬಿಡುತ್ತಿದ್ದವರು ಅಂದು ಒಬ್ಬರಿಗೊಬ್ಬರು ಸಿಕ್ಕಿದ್ದರು. ನನ್ನ ಕಾಲೇಜಿನ ದಿನಗಳಲ್ಲಿ ಇಂಥ ಜೊತೆ ನನಗೆ ಸಿಗಲಿಲ್ಲ.

ಊಟದ ಹೊತ್ತಿನಲ್ಲಿ ಅವಳು, “ಅತ್ತೆ, ಇದೆಲ್ಲ ನಿಜವಾಗಿ ನಡೆದದ್ದೇ?” ಎಂದು ಕೇಳಿದಳು. ಭೈರಪ್ಪನವರ ತಾಯಿಯೂ ಪ್ಲೇಗಿಗೆ ಬಲಿಯಾದರು ಎಂದು ಹೇಳಿ, ಅವರ ಆತ್ಮಕಥೆ ‘ಭಿತ್ತಿ’ಯನ್ನು ಕಪಾಟಿನಿಂದ ತೆಗೆದುಕೊಟ್ಟೆ. ರಜೆ ಮುಗಿದಾಗ ಅದನ್ನು ಊರಿಗೆ ಒಯ್ದಳು. ಈಗ ಅದು ಅವಳ ಗೆಳತಿಯರ ಕೈಯಲ್ಲಿ ಸುತ್ತುತ್ತಿದೆ. ಅದರ ಬಗ್ಗೆಯೂ ಅವರು ಮಾತನಾಡಲಿ, ಅಳು ಬಂದರೆ ಅಳಲಿ.